‘ಸೇ’ ಅಂದಾಗಲೋ, ‘ಸೇ’ ಅಂದಮೇಲೋ

ಇಂದ,
ನಿವಾ ತೊಕುಜೊ, ವಯಸ್ಸು 51,
ಪ್ರಯೋಗಾಲಯ ಸಹಾಯಕ (ಮಂಜುಗಡ್ಡೆ),
ಸದ್ಯಕ್ಕೆ ಗಾಜಿನ ಸಾಮಾನು ತೊಳೆಯುವ ಕೋಣೆ,
ಮೂರನೇ ಮಹಡಿ, ನಗೋಯಾ.

ಗೆ,
ಪ್ರೊಫೆಸರ್ ಹಿಬಿನೊ ಸೆನ್ಸೇ ಅವರ ಸನ್ನಿಧಾನಕ್ಕೆ,
ಅದೇ ಮಹಡಿ, ಎದುರು ಬಾಗಿಲು.

(ಮೂಲಕ: ಕಚೇರಿಯ ಅಸಾಯಿ ಅವರು)

ವಿಷಯ: ಬರುವ ಸೋಮವಾರ, ಜೂನ್ 30ರಂದು ನಡೆಯಲಿರುವ ಎರಡು ಸೆಕೆಂಡಿನ ಪ್ರಯೋಗದಲ್ಲಿ ಮಂಜುಗಡ್ಡೆಯ ಮೇಲೆ ಸುರಿಯುವ ಕೆಲಸವನ್ನು ಅರ್ಜಿದಾರನಿಗೇ ವಾಪಸು ಕೊಡುವ ಬಗ್ಗೆ, ಮತ್ತು ತಾವು ಸ್ವತಃ ಸುರಿಯದೆ ಇರುವ ಬಗ್ಗೆ.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ, ಶೋವಾ 55 (ಕ್ರಿ.ಶ. 1980), ಜೂನ್ 13 (“ಅಯ್ಯೋ ನನ್ನ ಕಾಲು” ಎಂಬ ಮಾತಿನ ನಂತರ ಹೊರಡಿಸಿದ್ದು).
2. ತಮ್ಮ ಎರಡನೇ ಮೌಖಿಕ ಆದೇಶ, ಅದೇ ದಿನ, ಕಾಲಿಗೆ ಪಟ್ಟಿ ಕಟ್ಟಿದ ಮೇಲೆ (“ತಪ್ಪೊಪ್ಪಿಗೆ ಪತ್ರ ಬರೆದುಕೊಡಿ”).
3. ಅರ್ಜಿದಾರನು ಹದಿನಾಲ್ಕು ವರ್ಷಗಳಲ್ಲಿ ಬರೆದುಕೊಟ್ಟಿರುವ ಹನ್ನೊಂದು ತಪ್ಪೊಪ್ಪಿಗೆ ಪತ್ರಗಳು. ಎಲ್ಲವೂ ಕಡತದಲ್ಲಿವೆ. ಅಕ್ಷರ ಮುತ್ತಿನಂತಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ 2ರ ಪ್ರಕಾರ ನಾನು ತಪ್ಪೊಪ್ಪಿಗೆ ಪತ್ರ ಬರೆಯಲೆಂದೇ ಕುಳಿತೆ. ಈ ಕಟ್ಟಡದಲ್ಲಿ ನನ್ನಷ್ಟು ಚೆನ್ನಾಗಿ ತಪ್ಪೊಪ್ಪಿಕೊಳ್ಳುವವರು ಇನ್ನೊಬ್ಬರಿಲ್ಲ. ಬೇರೆ ಮಹಡಿಯವರು ನನ್ನ ಹಳೆಯ ಪತ್ರಗಳನ್ನು ಮಾದರಿಗೆಂದು ಕೇಳಿ ಪಡೆಯುತ್ತಾರೆ. ಆದರೆ ಈ ಸಲ “ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ” ಎಂಬ ಸಾಲಿಗೆ ಬಂದಾಗ ಲೇಖನಿ ನಿಂತುಬಿಟ್ಟಿತು. ನೋಡಿಕೊಳ್ಳುವುದಾದರೂ ಹೇಗೆ, ಕೆಲಸವೇ ಕೈಯಲ್ಲಿಲ್ಲವಲ್ಲ? ಕಾರಣ, ಪತ್ರವು ತಾನಾಗಿಯೇ ಅರ್ಜಿಯಾಯಿತು. ವಿವರ ಈ ಕೆಳಗಿನಂತಿದೆ.

1. ಅರ್ಜಿದಾರನ ಅರ್ಹತೆ. ನಾನು ಹತ್ತೊಂಬತ್ತು ಬೇಸಿಗೆ ಒಸು ಪೇಟೆಯಲ್ಲಿ ಮಂಜುಗಡ್ಡೆ ಮಾರಿದವನು. ನೂರ ಮೂವತ್ತೈದು ಕಿಲೋ ಗಡ್ಡೆಯನ್ನು ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ. ಇದಕ್ಕೆ ಸಾಕ್ಷಿಗಳಿದ್ದರು, ಕೆಲವರು ತೀರಿಕೊಂಡಿದ್ದಾರೆ, ಉಳಿದವರು ನೆನಪಿಲ್ಲ ಎನ್ನುತ್ತಾರೆ. ನಾನು ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಟ್ರಾಮ್ ಚಾಲಕ ಗಾಡಿ ನಿಲ್ಲಿಸುತ್ತಿದ್ದ. ಮನೆಮನೆಗೂ ಫ್ರಿಜ್ ಬಂದಮೇಲೆ ಮಾತ್ರ ನನ್ನ ಕೂಗಿಗೆ ಬಾಗಿಲು ತೆರೆಯುವವರಿಲ್ಲದಂತಾಯಿತು. ಆಗ ತಾವೇ “ನಮಗೆ ಐಸ್ ಪುಡಿ ಮಾಡೋರು ಬೇಕು, ಆದರೆ ಸ್ವಲ್ಪ ಮೆತ್ತಗೆ ಮಾತಾಡೋರು” ಎಂದು ಕರೆದಿರಿ. ಮೊದಲನೆಯ ಷರತ್ತನ್ನು ನಾನು ಇಂದಿಗೂ ಪಾಲಿಸುತ್ತಿದ್ದೇನೆ.

2. ಪ್ರಯೋಗದ ಸ್ವರೂಪ. ಇದು ತಮಗೆ ಗೊತ್ತಿರುವ ಸಂಗತಿ. ಆದರೂ ಅಸಾಯಿ ಅವರು ಅರ್ಥವಾಗದ ಕಾಗದಕ್ಕೆ ಸ್ವೀಕೃತಿ ಮೊಹರು ಒತ್ತುವುದಿಲ್ಲವಾದ್ದರಿಂದ, ಅವರ ಅನುಕೂಲಕ್ಕಾಗಿ ಬರೆಯುತ್ತಿದ್ದೇನೆ.

ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಡಿಎನ್‌ಎ ಎಂದರೆ ಒಂದಕ್ಕೊಂದು ಹೊಸೆದುಕೊಂಡ ಎರಡು ಎಳೆ. ಅದರಲ್ಲಿ ನಾಲ್ಕೇ ಅಕ್ಷರ: ಎ ಎದುರಿಗೆ ಟಿ, ಜಿ ಎದುರಿಗೆ ಸಿ, ಬೇರೆ ಜೋಡಿಗೆ ಅವಕಾಶವಿಲ್ಲ. ಮೊದಲು ಹೆಲಿಕೇಸ್ ಎಂಬ ಕಿಣ್ವ ಬಂದು ಹೊಸೆದದ್ದನ್ನು ಬಿಚ್ಚುತ್ತಾ ಹೋಗುತ್ತದೆ. ಅದರ ಹಿಂದೆ ಅಕ್ಷರ ಜೋಡಿಸುವ ದೊಡ್ಡ ಮೇಸ್ತ್ರಿ, ಪಾಲಿಮರೇಸ್. ಈ ಮೇಸ್ತ್ರಿಗೆ ಎರಡು ಜಂಬ. ಖಾಲಿ ಜಾಗದಲ್ಲಿ ಕೆಲಸ ಶುರು ಮಾಡುವುದಿಲ್ಲ. ಪ್ರೈಮೇಸ್ ಎಂಬ ಇನ್ನೊಂದು ಕಿಣ್ವ ಬಂದು ಒಂದು ಪುಟ್ಟ ತುಂಡು ಹಾಕಿ “ಇಲ್ಲಿಂದ ಶುರು ಮಾಡಿ” ಎಂದು ಜಾಗ ತೋರಿಸಬೇಕು. ಎರಡನೆಯದಾಗಿ, ಮೇಸ್ತ್ರಿ ಒಂದೇ ದಿಕ್ಕಿಗೆ ನಡೆಯುತ್ತದೆ. ಆದರೆ ಎರಡು ಎಳೆಗಳು ಒಂದಕ್ಕೊಂದು ಎದುರುಬದುರು ದಿಕ್ಕಿಗೆ ಮಲಗಿವೆ. ಆದ್ದರಿಂದ ಒಂದು ಎಳೆಯ ಮೇಲೆ ನಕಲು ಸರಾಗವಾಗಿ ಸಾಗುತ್ತದೆ. ಇನ್ನೊಂದರ ಮೇಲೆ, ಬಿಚ್ಚಿದಷ್ಟು ಜಾಗಕ್ಕೆ ಒಂದು ತುಣುಕು, ಮತ್ತೆ ಮುಂದಕ್ಕೆ ಹಾರಿ ಇನ್ನೊಂದು ತುಣುಕು, ಹೀಗೆ ಹಿಮ್ಮುಖವಾಗಿ, ತುಂಡು ತುಂಡಾಗಿ. ಆ ತುಣುಕುಗಳನ್ನು ಕೊನೆಗೆ ಹೊಲಿದು ಒಂದು ಮಾಡುವ ಕಿಣ್ವ ಲೈಗೇಸ್. ಹೊಲಿದ ಮೇಲೆ ಎಲ್ಲಿ ತುಂಡಾಗಿತ್ತು ಎಂದು ಅದನ್ನು ಹೆತ್ತವರೂ ಗುರುತು ಹಿಡಿಯಲಾರರು.

ಆ ತುಣುಕುಗಳನ್ನು ನೋಡಬೇಕಾದರೆ ಲೈಗೇಸ್ ಕೈ ಹಾಕುವ ಮೊದಲೇ ಎಲ್ಲವನ್ನೂ ನಿಲ್ಲಿಸಬೇಕು. ಅದಕ್ಕಾಗಿ ತಂಪಾದ ನೀರಿನಲ್ಲಿಟ್ಟ ಬ್ಯಾಕ್ಟೀರಿಯಾ ದ್ರಾವಣಕ್ಕೆ ಒಬ್ಬರು ವಿಕಿರಣದ ಗುರುತು ಹಾಕಿದ ‘ಟಿ’ ಅಕ್ಷರವನ್ನು ಸಿರಿಂಜಿನಿಂದ ಬಿಡುತ್ತಾರೆ. ಸರಿಯಾಗಿ ಎರಡು ಸೆಕೆಂಡಿಗೆ ಇನ್ನೊಬ್ಬರು ಅದನ್ನು ಮಂಜುಗಡ್ಡೆ ಪುಡಿಯ ಮೇಲೆ ಸುರಿಯುತ್ತಾರೆ. ಅಲ್ಲಿಗೆ ಎಲ್ಲ ಕಿಣ್ವಗಳೂ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತವೆ. ಆಮೇಲೆ ಸಕ್ಕರೆ ಪಾಕದ ಮೇಲಿಟ್ಟು ಗಿರಗಿರನೆ ತಿರುಗಿಸಿದರೆ ಉದ್ದನೆಯವು ತಳಕ್ಕಿಳಿಯುತ್ತವೆ, ತುಣುಕುಗಳು ಮೇಲೇ ಉಳಿಯುತ್ತವೆ. ಸುರಿಯುವ ಆ ಇನ್ನೊಬ್ಬರು ನಾನು. ಆಗಿದ್ದೆ.

3. ಎರಡು ಸೆಕೆಂಡಿನಲ್ಲಿ ಗಡಿಯಾರ ನೋಡಲು ಪುರುಸೊತ್ತಿರುವುದಿಲ್ಲ. ಆದ್ದರಿಂದ ಮಂಜುಗಡ್ಡೆ ಹೊರುವವರ ಕೂಗನ್ನೇ ನಾನು ಪ್ರಯೋಗಾಲಯಕ್ಕೆ ತಂದೆ. “ಇಸ್ಸೇ… ನೋ… ಸೇ!” ಕೂಗಿಗೆ ಸರಿಯಾಗಿ ಸಿರಿಂಜಿನವರು ಬಿಡಬೇಕು, ನಾನು ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಿ ಸುರಿಯಬೇಕು. ಕಮಿಯಾ ಅವರು ಸಿರಿಂಜು ಹಿಡಿದಿದ್ದ ಒಂಬತ್ತು ವರ್ಷ ನಮ್ಮ ಎರಡು ಸೆಕೆಂಡು ಸೂರ್ಯೋದಯಕ್ಕಿಂತ ಕರಾರುವಾಕ್ಕಾಗಿತ್ತು. ಕಮಿಯಾ ನಮ್ಮ ಬೀದಿಯವರೇ. ಮಾರ್ಚಿನಲ್ಲಿ ನಿವೃತ್ತರಾದರು.

4. ಏಪ್ರಿಲ್ ಒಂದರಂದು ಅವರ ಜಾಗಕ್ಕೆ ಒಸಾಕಾದಿಂದ ಸಂಶೋಧನಾ ಸಹಾಯಕಿ ತತ್ಸುಮಿ ಫುಸಾಏ ಅವರು ಬಂದರು. ಅವರ ಮಾತಿನ ವರಸೆಯೇ ಬೇರೆ. ಮೊದಲ ದಿನವೇ ನನ್ನ ಐಸ್ ಬಕೆಟ್ಟಿನೊಳಗೆ ಇಣುಕಿ ನೋಡಿದರು.

“ಇದೇನ್ರೀ ನಿವಾ ಸಾನ್, ಇಷ್ಟ್ ಸಣ್ಣಗ ಪುಡಿ ಮಾಡೀರಿ? ಶರಬತ್ತಿನ ಅಂಗಡಿ ಇಡಾಂವ್ರದೀರೇನು?”

“ತತ್ಸುಮಿ ಸಾನ್, ಇದು ಪುಡಿಯಲ್ಲ, ಹಿಮ. ಪರ್ವತದ ಮೇಲೆ ಬೀಳೋದು ಇದಕ್ಕಿಂತ ಒರಟು.”

“ಹೌದ್ ಹೌದು. ಪರ್ವತಾನ ನಿಮ್ಮ ಕಡೆ ಬಂದು ಕಲಿತು ಹೋಗಿರಬೇಕು.”

“ಎರಡು ಸಲ ಬಂದಿತ್ತು.”

“ಕೂಗು ಯಾರ್ ಹಾಕಾಂವ್ರು?”

“ನಾನು. ಇಸ್ಸೇ ನೋ ಸೇ. ಗೊತ್ತಲ್ಲ?”

“ಅದು ಗೊತ್ತಿಲ್ದ ಯಾರ್ ಇರ್ತಾರ್ರೀ? ತೊಟ್ಟಿಲಾಗಿನ ಕೂಸಿಗೂ ಗೊತ್ತದ.”

ಸೆನ್ಸೇ, ಈ ಅರ್ಜಿಯ ಇಡೀ ದುಃಖ ಈ ಒಂದು ವಾಕ್ಯದಲ್ಲಿದೆ. ಗೊತ್ತು ಎಂದು ಅವರೆಂದರು, ಸರಿ ಎಂದು ನಾನೆಂದೆ. ಇಬ್ಬರಿಗೂ ಗೊತ್ತಿತ್ತು. ಬೇರೆ ಬೇರೆ ಗೊತ್ತಿತ್ತು.

5. ಏಪ್ರಿಲ್, ಮೇ ತಿಂಗಳುಗಳಲ್ಲಿ ಆರು ಸಲ ಪ್ರಯೋಗ ನಡೆಯಿತು. ಆರು ಸಲವೂ ತುಣುಕುಗಳು ಅರ್ಧಕ್ಕರ್ಧ ನಾಪತ್ತೆ! ಆ ಅರ್ಧದ ಗುರುತು ಹಾಕಿದ ಅಕ್ಷರಗಳೆಲ್ಲ ಪಾಕದ ತಳಕ್ಕಿಳಿದು ಕುಳಿತಿದ್ದವು. ಅಂದರೆ ಎರಡೇ ಸೆಕೆಂಡಿನಲ್ಲಿ ಹೊಲಿಗೆ ಮುಗಿದಿದೆ. ತಾವು ಆ ರೇಖಾಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಮೇಲೆ ತಲೆಕೆಳಗು ಹಿಡಿದು, “ನಮ್ಮ ಬ್ಯಾಕ್ಟೀರಿಯಾದ ಲೈಗೇಸ್ ಪ್ರಪಂಚದಲ್ಲೇ ಎಲ್ಲಕ್ಕಿಂತ ವೇಗದ್ದು ಕಣ್ರೀ!” ಎಂದಿರಿ. ಶರತ್ಕಾಲದ ಸಮ್ಮೇಳನಕ್ಕೆ ಅದೇ ಮಾತನ್ನು ಸಾರಾಂಶವಾಗಿ ಬರೆದು ಕಳಿಸಿದಿರಿ. ಎಲ್ಲರಿಗೂ ಹಾವುಮೀನಿನ ಊಟ ತರಿಸಿದಿರಿ. ನಾನು ಮೂರು ಬಟ್ಟಲು ತಿಂದೆ. ತಿಂದದ್ದನ್ನು ಈ ಅರ್ಜಿಯಲ್ಲಿ ಮರೆಮಾಚುತ್ತಿಲ್ಲ. “ನಿವಾ ಸಾನ್ ಐಸ್ ಇಲ್ಲದಿದ್ದರೆ ಇದು ಸಿಗುತ್ತಿರಲಿಲ್ಲ” ಎಂದು ತಾವು ಎಲ್ಲರೆದುರು ಹೇಳಿದಿರಿ. ಈ ಮಾತು ನಿಜವೆಂದು ಮುಂದೆ ಸಾಬೀತಾಯಿತು, ಆದರೆ ತಾವಂದುಕೊಂಡ ಅರ್ಥದಲ್ಲಲ್ಲ.

6. ಜೂನ್ 13ರ ಶುಕ್ರವಾರ ಹಳೆಯ ತಿರುಗಣೆ ಯಂತ್ರವನ್ನು ಗೋಡೆಯ ಪಕ್ಕಕ್ಕೆ ಸರಿಸಬೇಕಾಯಿತು. ನಾಲ್ಕು ಮೂಲೆಗೆ ನಾಲ್ವರು: ನಾನು, ತತ್ಸುಮಿ, ತಾವು, ಕಾರಿಡಾರಿನಲ್ಲಿ ಹೋಗುತ್ತಿದ್ದ ಪಕ್ಕದ ವಿಭಾಗದವರೊಬ್ಬರು. ಅಭ್ಯಾಸಬಲದಿಂದ ಕೂಗು ನನ್ನದೇ. “ಇಸ್ಸೇ… ನೋ… ಸೇ!” ತತ್ಸುಮಿ ಅವರ ಮೂಲೆ ಮೇಲೆದ್ದಿತು. ನನ್ನ ಮೂಲೆ ನೆಲದಲ್ಲೇ ಇತ್ತು. ಯಂತ್ರ ವಾಲಿತು. ಮುಂದಿನದು ಉಲ್ಲೇಖ 1ರಲ್ಲಿದೆ.

ತಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ತಮ್ಮ ಹೆಬ್ಬೆರಳಿನ ಮೇಲೆ ನಾನು ಹಿಮದಂಥ ಐಸ್ ಇಡುತ್ತಿದ್ದಾಗ ತತ್ಸುಮಿ ಅವರ ಮುಖ ಇದ್ದಕ್ಕಿದ್ದಂತೆ ಬೆಳ್ಳಗಾಯಿತು.

“ನಿವಾ ಸಾನ್. ನೀವು ಯಾವಾಗ ಎತ್ತಿದ್ರಿ?”

“ಎತ್ತಬೇಕಾದಾಗ. ‘ಸೇ’ ಅಂದು, ಉಸಿರು ಎಳೆದುಕೊಂಡು, ಎತ್ತಿದೆ.”

“ಉಸಿರು? ಯಾವ ಉಸಿರ್ರೀ?”

“ಹಿಂಗೆ.” ತೋರಿಸಿದೆ. “ಕೂಗ್ತಾ ಕೂಗ್ತಾ ಭಾರ ಎತ್ತಿದ್ರೆ ಸೊಂಟ ಮುರಿಯುತ್ತೆ ತಾಯಿ. ನಮ್ಮ ಬೀದೀಲಿ ಎಲ್ಲಾರೂ ‘ಸೇ’ ಅಂದಮೇಲೆ ಎತ್ತೋದು.”

“ನಮ್ಮ ಕಡೆ ‘ಸೇ’ ಅಂದಾಗ ಎತ್ತತಾರ್ರೀ! ‘ಸೇ’ ಅನ್ನೋದ ಎತ್ತಾಕ!” ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕುಳಿತರು. “ಅಂದ್ರ ನಾ ‘ಸೇ’ ಅನ್ನೂದ್ರಾಗ ಟಿ ಬಿಟ್ಟೀನಿ. ನೀವು ಆರಾಮ ಉಸಿರು ತಗೊಂಡು, ಆಮ್ಯಾಲ ಎರಡು ಎಣಿಸೀರಿ. ಎಷ್ಟ್ ಹೊತ್ತಿನ ಉಸಿರದು?”

ನನ್ನ ಉಸಿರು ದೊಡ್ಡದು ಎಂದು ಹೇಳಿಕೊಳ್ಳಲು ಜೀವನದಲ್ಲಿ ಅದೊಂದು ಸಲ ಮಾತ್ರ ನಾಚಿಕೆಯಾಯಿತು. “ಒಂದು ಸೆಕೆಂಡು,” ಎಂದೆ.

ತಾವು ಕಾಲು ಹಿಡಿದುಕೊಂಡೇ ಕೇಳಿದಿರಿ: “ಹಾಗಾದರೆ ಎರಡಲ್ಲ, ಮೂರು ಸೆಕೆಂಡಾ?”

ಲೈಗೇಸ್ ಪ್ರಪಂಚದಲ್ಲೇ ವೇಗದ್ದಾಗಿರಲಿಲ್ಲ. ನಾನು ಉಸಿರೆಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅದು ತನ್ನ ಮಾಮೂಲಿ ವೇಗದಲ್ಲಿ ಮಾಮೂಲಿ ಹೊಲಿಗೆ ಹಾಕುತ್ತಿತ್ತು.

7. ಅನಂತರ ತಾವು ವಿಭಾಗದ ಏಳು ಜನರನ್ನೂ ಸಾಲಾಗಿ ನಿಲ್ಲಿಸಿ, “ಕೂಗಿಗೆ ಸರಿಯಾಗಿ ಎಲ್ಲರೂ ಒಂದೇ ಸಲ ಚಪ್ಪಾಳೆ ತಟ್ಟಿ” ಎಂದು ಪರೀಕ್ಷೆ ಮಾಡಿದ್ದು ಸರಿಯಷ್ಟೆ. ಹುರಿಗಡಲೆ ಬಾಣಲೆಯಲ್ಲಿ ಸಿಡಿದಂತೆ ಏಳು ಚಪ್ಪಾಳೆ ಏಳು ಕಡೆ ಬಿದ್ದವು. ಒಬ್ಬರು ‘ಸೇ’ ಅಂದಾಗ, ಇನ್ನೊಬ್ಬರು ಅಂದಮೇಲೆ, ಮತ್ತೊಬ್ಬರು ಅಕ್ಕಪಕ್ಕ ನೋಡಿಕೊಂಡು. ಇವೆಲ್ಲಕ್ಕಿಂತ ಮೊದಲು, ‘ನೋ’ ಎನ್ನುವಾಗಲೇ ಎಂಟನೆಯದೊಂದು ಚಪ್ಪಾಳೆ ಬಿತ್ತು. ಅದು ಯಾರದೆಂದು ಹೇಳಲು ಅರ್ಜಿದಾರನಿಗೆ ಸಂಕೋಚವಾಗುತ್ತದೆ. ಅವರು ಆಗ ಕುರ್ಚಿಯಲ್ಲಿ ಕುಳಿತಿದ್ದರು.

8. ಅದೇ ದಿನ ತಾವು ಹೊರಡಿಸಿದ ಉಲ್ಲೇಖ 1ರ ಆದೇಶದಲ್ಲಿ ಮೂರು ಭಾಗಗಳಿದ್ದವು. ಸಮ್ಮೇಳನದ ಸಾರಾಂಶವನ್ನು ತಿದ್ದಿ ಕಳಿಸಲು ಜುಲೈ ಒಂದು ಕೊನೆಯ ದಿನವಾದ್ದರಿಂದ ಜೂನ್ 30ಕ್ಕೆ ಪ್ರಯೋಗ ಮತ್ತೊಮ್ಮೆ ನಡೆಯತಕ್ಕದ್ದು. ನಿವಾ ತೊಕುಜೊ ಗಾಜಿನ ಸಾಮಾನು ತೊಳೆಯತಕ್ಕದ್ದು. “ಇನ್ನು ಯಾರನ್ನೂ ನಂಬೋದಿಲ್ಲ, ನಾನೇ ಸುರೀತೀನಿ.”

ಈ ಮೂರನೆಯದಕ್ಕೆ ಅರ್ಜಿದಾರನು ಸವಿನಯವಾಗಿ, ಆದರೆ ಪೂರ್ತಿ ದನಿಯಲ್ಲಿ ಆಕ್ಷೇಪಿಸುತ್ತಾನೆ. ತಾವು ‘ನೋ’ಗೇ ಸುರಿದರೆ ಟಿ ಅಕ್ಷರ ಇನ್ನೂ ಸಿರಿಂಜಿನಲ್ಲಿರುವಾಗಲೇ ಬ್ಯಾಕ್ಟೀರಿಯಾ ಐಸಿನಲ್ಲಿರುತ್ತದೆ. ಆಗ ತುಣುಕೂ ಇಲ್ಲ, ಎಳೆಯೂ ಇಲ್ಲ, ಏನೂ ಇಲ್ಲ. ನಮ್ಮ ಬ್ಯಾಕ್ಟೀರಿಯಾ ಡಿಎನ್‌ಎಯನ್ನು ನಕಲೇ ಮಾಡುವುದಿಲ್ಲ ಎಂದು ತಾವು ಸಮ್ಮೇಳನಕ್ಕೆ ಬರೆಯಬೇಕಾದೀತು. ಮತ್ತೆ ಹಾವುಮೀನು ತರಿಸುವ ಪ್ರಸಂಗ ಬಂದೀತು.

ಇನ್ನೊಂದು ಅಂಶವನ್ನೂ ಪರಿಗಣಿಸಬೇಕಾಗಿ ಕೋರಿಕೆ. ಪಾಲಿಮರೇಸ್ ಒಂದೊಂದು ಸಲ ತಪ್ಪು ಅಕ್ಷರ ಹಾಕುತ್ತದೆ ಎಂದು ತಾವೇ ಪಾಠ ಮಾಡಿದ್ದೀರಿ. ಆಗ ಅದು ಏನು ಮಾಡುತ್ತದೆ? ಒಂದು ಹೆಜ್ಜೆ ಹಿಂದೆ ಬಂದು, ತಪ್ಪಿದ್ದನ್ನು ಕಿತ್ತು, ಸರಿಯಾದದ್ದನ್ನು ಹಾಕಿ ಮುಂದೆ ಹೋಗುತ್ತದೆ. ತಪ್ಪು ಮಾಡಿದ ಮೇಸ್ತ್ರಿಯೇ ತಿದ್ದುತ್ತದೆ. ಅದನ್ನು ಯಾರೂ ಪಾತ್ರೆ ತೊಳೆಯಲು ಕಳಿಸುವುದಿಲ್ಲ. ತಪ್ಪೊಪ್ಪಿಗೆ ಪತ್ರವನ್ನಂತೂ ಕೇಳುವುದೇ ಇಲ್ಲ.

9. ತೊಳೆಯುವ ಕೋಣೆಯಲ್ಲಿ ನಾನು ಸುಮ್ಮನೆ ಕುಳಿತಿಲ್ಲ. ನಾನು ತೊಳೆದ ಪ್ರನಾಳಗಳು ಎಷ್ಟು ಶುಭ್ರವಾಗಿವೆಯೆಂದರೆ ಎರಡು ಪ್ರನಾಳ ಇದ್ದಲ್ಲೇ ಇದ್ದರೂ ಕಣ್ಣಿಗೆ ಬೀಳದೆ ಎರಡು ದಿನ ಹುಡುಕಿದೆವು. ಆದರೆ ವಿಷಯ ಅದಲ್ಲ. ಕಳೆದ ಸೋಮವಾರ ಬೆಳಿಗ್ಗೆ ತತ್ಸುಮಿ ಅವರು ನನ್ನನ್ನು ಎದುರಿನ ಕಾಫಿ ಅಂಗಡಿಗೆ ಕರೆದರು. ಜಗಳಕ್ಕೇ ಕರೆದಿದ್ದಾರೆ ಎಂದುಕೊಂಡು ಹೋದೆ. ಕಾಫಿಯ ಜೊತೆ ಟೋಸ್ಟು, ಬೇಯಿಸಿದ ಮೊಟ್ಟೆ, ಕೆಂಪು ಕಾಳಿನ ಸಿಹಿ ಹೂರಣ ತಾನಾಗಿಯೇ ಬಂದಾಗ ಅವರು ಬೆಚ್ಚಿದರು.

“ನಾ ಕಾಫಿ ಅಷ್ಟ ಹೇಳೀನ್ರೀ. ಇದನ್ನೆಲ್ಲ ಯಾರಿಗೆ ತಂದಾರ?”

“ನಮ್ಮೂರಲ್ಲಿ ಬೆಳಿಗ್ಗೆ ಕಾಫಿ ಅಂದ್ರೆ ಇಷ್ಟೂ ಕಾಫಿನೇ, ಬೇರೆ ದುಡ್ಡಿಲ್ಲ.”

“ಮೂರು ತಿಂಗಳಾತು, ನನಗ ಯಾರೂ ಹೇಳೇ ಇಲ್ಲಲ್ರೀ!”

“ಗೊತ್ತಿಲ್ಲದೆ ಇರೋರು ಯಾರಿದಾರೆ ಅಂತ ಸುಮ್ಮನಿದ್ದೆ. ತೊಟ್ಟಿಲಲ್ಲಿರೋ ಕೂಸಿಗೂ ಗೊತ್ತು.”

ಅವರು ಮೊಟ್ಟೆಯ ಸಿಪ್ಪೆ ಉದುರುವಂತೆ ನಕ್ಕರು. ನಗು ನಿಂತಮೇಲೆ ದನಿ ತಗ್ಗಿಸಿ ಹೇಳಿದರು: “ತಪ್ಪು ಇಬ್ಬರದೂ ಅದ. ತೊಳ್ಯಾಕ ಮಾತ್ರ ನಿಮ್ಮೊಬ್ಬರನ್ನ ಹಾಕ್ಯಾರ. ನನಗ ರಾತ್ರಿ ನಿದ್ದಿ ಬರವಲ್ದು. ಸೆನ್ಸೇ ‘ನೋ’ಕ್ಕ ಸುರೀತಾರ, ಸೋಮವಾರ ಎಲ್ಲಾ ಹಾಳಾಗ್ತದ. ನೀವು ಏನರ ಮಾಡ್ರಿ.”

“ಕೂಗು ಬದಲಾಯಿಸೋಣ,” ಎಂದೆ.

“ಬ್ಯಾಡ. ಉಸಿರು ಬಿಡ್ರಿ.”

“ಉಸಿರು ಬಿಟ್ಟರೆ ಬದುಕೋದು ಹೆಂಗೆ?”

“ಕೂಗೂದರ ಮೊದಲ ತಗೋರಿ! ನಾ ‘ಸೇ’ಕ್ಕ ಬಿಡ್ತೀನಿ, ನೀವು ‘ಸೇ’ದಿಂದ ಎಣಿಸ್ರಿ. ಹತ್ತೊಂಬತ್ತು ಬ್ಯಾಸಗಿ ಐಸ್ ಹೊತ್ತಾಂವ್ರಿಗೆ ಇಷ್ಟ್ ಆಗೂದಿಲ್ಲೇನು?”

ಆಗುವುದಿಲ್ಲ ಎಂದು ನಾನು ಯಾವತ್ತೂ ಯಾರಿಗೂ ಹೇಳಿದವನಲ್ಲ. ಆದರೆ ಮೊದಲ ದಿನ ಆಗಲಿಲ್ಲ. ಇದನ್ನು ಈ ಅರ್ಜಿಯಲ್ಲಿ ಮಾತ್ರ ಬರೆಯುತ್ತಿದ್ದೇನೆ, ಬೇರೆಲ್ಲೂ ಒಪ್ಪುವುದಿಲ್ಲ. ಮೂವತ್ತು ವರ್ಷದ ಉಸಿರು ತನ್ನಷ್ಟಕ್ಕೆ ತಾನು ಬಂದುಬಿಡುತ್ತಿತ್ತು. ತಣ್ಣನೆಯ ಕೋಣೆಯಲ್ಲಿ ಬರೀ ನೀರಿಟ್ಟುಕೊಂಡು, ಅವರ ಸಿರಿಂಜು, ನನ್ನ ಫ್ಲಾಸ್ಕು, ಮೇಜಿನ ಮೇಲೆ ಎರಡು ಸ್ಟಾಪ್‌ವಾಚು. ಮೂರು ಸೆಕೆಂಡು. ಎರಡೂ ಮುಕ್ಕಾಲು. “ಮತ್ತ ಉಸಿರು ತಗೊಂಡ್ರಿ!” “ಇಲ್ಲ ತಾಯಿ, ಅದು ಆಕಳಿಕೆ.” “ಆಕಳಿಕಿನೂ ಮೊದಲ ಮುಗಿಸ್ರಿ!” ಬುಧವಾರ ಮಧ್ಯಾಹ್ನದಿಂದ ಎರಡು ಸೆಕೆಂಡು ಬರತೊಡಗಿತು. ಅಂದಿನಿಂದ ಐವತ್ತು ಸಲ ಮಾಡಿದ್ದೇವೆ. ಐವತ್ತಕ್ಕೆ ಐವತ್ತೂ ಸರಿ ಬಂದಿವೆ ಎಂದು ನಾನು ಹೇಳುತ್ತೇನೆ. ನಲವತ್ತೇಳು ಎಂದು ತತ್ಸುಮಿ ಅವರು ಬರೆದುಕೊಂಡಿದ್ದಾರೆ. ತಮಗೆ ಯಾವುದು ಬೇಕೋ ಅದನ್ನು ಪರಿಗಣಿಸಬಹುದು. ನಾನಾದರೆ ಅವರದ್ದನ್ನು ನಂಬುತ್ತೇನೆ.

10. ಕೊನೆಯ ಅಂಶ. ಇದನ್ನು ಅರ್ಹತೆ ಎಂದು ಬರೆಯಲೋ, ಕಾರಣ ಎಂದು ಬರೆಯಲೋ ತಿಳಿಯದೆ ಇಲ್ಲಿಟ್ಟಿದ್ದೇನೆ. ಐಸ್ ಮಾರುವವನು ಮಾರುವುದು ಕರಗಿಹೋಗುವ ಸಾಮಾನು. ಬೆಳಿಗ್ಗೆ ಹೊತ್ತು ತಂದದ್ದು ಸಂಜೆಗೆ ಚರಂಡಿಯಲ್ಲಿರುತ್ತದೆ. ಹತ್ತೊಂಬತ್ತು ಬೇಸಿಗೆಯ ದುಡಿಮೆಯಲ್ಲಿ ಇದು ನಾನು ಮಾಡಿದ್ದು ಎಂದು ತೋರಿಸಲು ಒಂದು ಹನಿಯೂ ಉಳಿದಿಲ್ಲ. ಈ ಮೂರನೇ ಮಹಡಿಗೆ ಬಂದಮೇಲೆ ಮೊದಲ ಬಾರಿಗೆ ನನ್ನ ಐಸ್ ಏನನ್ನೋ ನಿಲ್ಲಿಸಿತು. ಇನ್ನೂ ಹೊಲಿಗೆ ಬೀಳದ, ಯಾರ ಕಣ್ಣಿಗೂ ಬೀಳದೆ ಮಾಯವಾಗಬೇಕಾಗಿದ್ದ ತುಣುಕುಗಳು ನನ್ನ ಬಕೆಟ್ಟಿನಲ್ಲಿ ನಿಂತವು. ತಾವು ಅವುಗಳ ಚಿತ್ರ ಬರೆದಿರಿ. ಆ ಚಿತ್ರ ಕರಗಿಲ್ಲ. ಇದರ ಬಗ್ಗೆ ನಾನು ಏನನ್ನೂ ಉತ್ಪ್ರೇಕ್ಷೆ ಮಾಡಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಲೂ, ಬರೆಯದೆ ಬಿಟ್ಟಿರುವ ಇನ್ನೂ ನೂರು ಕಾರಣಗಳಿಂದಲೂ, ಜೂನ್ 30ರಂದು ತತ್ಸುಮಿ ಅವರ ಸಿರಿಂಜಿಗೆ ಎದುರಾಗಿ ಮಂಜುಗಡ್ಡೆಯ ಮೇಲೆ ಸುರಿಯಲು ಅರ್ಜಿದಾರನಿಗೆ ಅನುಮತಿ ನೀಡಬೇಕೆಂದೂ, ಪ್ರಯೋಗ ನಡೆಯುವ ಎರಡು ಸೆಕೆಂಡಿನ ಮಟ್ಟಿಗೆ ತಾವು ಕೈಗಳನ್ನು ಕೋಟಿನ ಜೇಬಿನಲ್ಲಿ ಇರಿಸಿಕೊಂಡು ಸಹಕರಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಸೋಮವಾರವೂ ಮೂರು ಸೆಕೆಂಡಾದರೆ ನಿವೃತ್ತಿಯವರೆಗೂ ಪ್ರನಾಳ ತೊಳೆಯಲು ಸಿದ್ಧನಿದ್ದೇನೆ. ಹನ್ನೆರಡನೇ ತಪ್ಪೊಪ್ಪಿಗೆ ಪತ್ರವನ್ನೂ ಆಗಲೇ ಬರೆದುಕೊಡುತ್ತೇನೆ.

ಸ್ಥಳ: ತೊಳೆಯುವ ಕೋಣೆ
ದಿನಾಂಕ: ಶೋವಾ 55, ಜೂನ್ 27, ಬೆಳಿಗ್ಗೆ 9 ಗಂಟೆ

ಕೂಗುವುದಕ್ಕೆ ಮುಂಚೆ ಉಸಿರೆಳೆದುಕೊಳ್ಳಲು ಕಲಿತಿರುವ,
ತಮ್ಮ ವಿಶ್ವಾಸಿ,
ನಿವಾ ತೊಕುಜೊ (ಮೊಹರು)

ಲಗತ್ತುಗಳು:
1. ಐವತ್ತು ಸಲದ ಅಭ್ಯಾಸದ ಪಟ್ಟಿ, ತತ್ಸುಮಿ ಅವರ ಕೈಬರಹದಲ್ಲಿ (ನಲವತ್ತೇಳು ಎಂದು ಓದಿಕೊಳ್ಳುವುದು).
2. ತತ್ಸುಮಿ ಫುಸಾಏ ಅವರ ಶಿಫಾರಸು, ಒಂದು ಸಾಲು: “ಇವರ ಬಾಯಿ ಭಾಳ ದೊಡ್ಡದು, ಆದರ ಈಗ ಎರಡು ಸೆಕೆಂಡಿಗೆ ಸರಿಯಾಗಿ ಮುಚ್ಚತಾರ.”
3. ಮಂಜುಗಡ್ಡೆ, ಒಂದು, ಮೂವತ್ತು ಕಿಲೋ. ಲಕೋಟೆಯಲ್ಲಿ ಹಿಡಿಸದ ಕಾರಣ ತಮ್ಮ ಬಾಗಿಲ ಹೊರಗೆ ಇರಿಸಲಾಗಿದೆ. ಸೋಮವಾರದ ಪ್ರಯೋಗಕ್ಕೆ ತರಿಸಲಿರುವ ಗಡ್ಡೆಯ ಮಾದರಿಯಿದು, ತಟ್ಟಿ ನೋಡಬಹುದು.

ವಿಶೇಷ ಸೂಚನೆ: ನನ್ನ ಲೆಕ್ಕದಲ್ಲಿ ಲಗತ್ತು 3 ನಾಳೆ ಸಂಜೆಯವರೆಗೂ ಗಟ್ಟಿಯಾಗಿರುತ್ತದೆ, ತತ್ಸುಮಿ ಅವರ ಲೆಕ್ಕದಲ್ಲಿ ಇಂದು ಮಧ್ಯಾಹ್ನ ಮೂರರವರೆಗೆ ಮಾತ್ರ. ಕಾರಣ, ತಮ್ಮ ಆದೇಶವನ್ನು ಮೂರು ಗಂಟೆಯೊಳಗೆ ದಯಪಾಲಿಸಬೇಕು. ತಡವಾದಲ್ಲಿ, ಆದೇಶದ ಜೊತೆಗೆ ನೆಲ ಒರೆಸುವ ಬಟ್ಟೆಯೊಂದನ್ನೂ ಮಂಜೂರು ಮಾಡಬೇಕಾಗಿ ವಿನಂತಿ.